ಪದಚರ್ಚೆ: ಕಳಸೂಬಾಯಿ ‘ಜ್ವಾಲಾಮುಖಿ ಶಿಖರ’ವೇ?

ಪ್ರಶ್ನೆ: ಪುಣೆಯ ನಮ್ಮ ಚಾರಣ ಗುಂಪಿಗೆ ಕನ್ನಡದಲ್ಲಿ ಮಾಹಿತಿಪತ್ರ ಬರೆಯುತ್ತಿದ್ದೇವೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಯನ್ನು ‘ಜ್ವಾಲಾಮುಖಿ ಶಿಖರ’ ಎನ್ನಬಹುದೇ? ‘ಹವಾಮಾನ’ ಬಳಸಬೇಕೋ, ‘ವಾಯುಗುಣ’ವೋ?

ಉತ್ತರ: ‘ಜ್ವಾಲಾಮುಖಿ ಶಿಖರ’ ಬೇಡ. ಆ ಮಾತು ಕೇಳಿದವರು ಬೆಟ್ಟದ ನೆತ್ತಿಯಲ್ಲಿ ಕುಳಿ ಹುಡುಕುತ್ತಾರೆ. ಕಿಲಿಮಂಜಾರೊಗೆ (5895 ಮೀ.) ಅದು ಒಪ್ಪುತ್ತದೆ, ಅಂಡಮಾನಿನ ಬ್ಯಾರನ್ ದ್ವೀಪಕ್ಕೂ ಸರಿ. 1646 ಮೀಟರ್ ಎತ್ತರದ ಕಳಸೂಬಾಯಿ ಹಾಗೆ ಉಗುಳಿ ಬೆಳೆದ ಬೆಟ್ಟವಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಉದ್ದುದ್ದಕ್ಕೆ ಬಿರಿದು ಲಾವಾ ಹರಿಯಿತು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಆಮೇಲೆ ಮಳೆ, ಹೊಳೆಗಳು ಕೊರೆದು ಬಿಟ್ಟಷ್ಟೇ ಈ ಶಿಖರ. ‘ಲಾವಾಶಿಲೆಯ ಶಿಖರ’ ಎಂದು ಬರೆಯಿರಿ. ‘ಅಗ್ನಿಶಿಲೆ’ (ಕರಗಿದ ಶಿಲೆ ಆರಿ ಆದ ಯಾವುದೇ ಕಲ್ಲು) ಎಂದರೆ ತೀರಾ ಸಡಿಲವಾಯಿತು; ಹಂಪಿಯ ಗ್ರಾನೈಟೂ ಅಗ್ನಿಶಿಲೆಯೇ.

ಪದರಗಳ ವಿಷಯ ಪತ್ರದಲ್ಲಿ ಇರಲೇಬೇಕು, ಹತ್ತುವವರಿಗೆ ಕಾಲಡಿಯಲ್ಲೇ ಸಿಗುವ ಸಂಗತಿ ಅದು. ಗಟ್ಟಿ ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು) ಬೇಗ ಸವೆಯದೆ ನೆಟ್ಟಗೆ ನಿಲ್ಲುತ್ತದೆ. ಗುಳ್ಳೆಗುಳ್ಳೆಯಾದ ಪದರ ಬೇಗ ಸವೆದು ಇಳಿಜಾರಾಗುತ್ತದೆ. ಆ ಗುಳ್ಳೆಗಳಲ್ಲಿ ಜಿಯೊಲೈಟ್ ಎಂಬ ಖನಿಜದ ಬಿಳಿ ಹರಳು ತುಂಬಿರುವುದುಂಟು. ಕಬ್ಬಿಣದ ಏಣಿ ಬೇಕಾಗುವುದು ಗಟ್ಟಿ ಬಸಾಲ್ಟ್ ನೆಟ್ಟಗೆ ನಿಂತ ಕಡೆ. ಇಂಥ ನೆಟ್ಟಗಿನ ಬಂಡೆಗೆ ಮರಾಠಿಯಲ್ಲಿರುವ ‘ಕಡಾ’ ಎಂಬ ಮಾತಿಗೆ ‘ಪ್ರಪಾತ’ ಹಾಕುವವರಿದ್ದಾರೆ. ಮೇಲೆ ನಿಂತು ಕೆಳಗೆ ನೋಡಿದರೆ ಪ್ರಪಾತ, ಕೆಳಗಿಂದ ಎದುರಿಗೆ ಕಾಣುವುದು ‘ಬಂಡೆಗೋಡೆ’. ಹರಿಶ್ಚಂದ್ರಗಡ ಕೋಟೆಬೆಟ್ಟದ ಕೊಂಕಣಕಡಾ ಮಾತ್ರ ಅಂಕಿತನಾಮ, ಹಾಗೇ ಇರಲಿ.

ಇನ್ನು ಎರಡನೆಯದು. ಇವತ್ತಿನ ಗಾಳಿ, ಮಳೆ, ಸೆಕೆ ಹವಾಮಾನ. ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ಹಿಡಿದು ಹೇಳುವುದು ವಾಯುಗುಣ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ. ದಾಟುವ ಮಳೆ ಪುಣೆಯಲ್ಲಿ 700ರ ಆಸುಪಾಸು. ಘಟ್ಟದ ಮರೆಗೆ ಬಿದ್ದ ಈ ‘ಮಳೆನೆರಳು’ ವಾಯುಗುಣದ ಮಾತು. 1000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ತಂಪು ಎನ್ನುವುದೂ ಅಲ್ಲಿಗೇ ಸೇರಲಿ, ಆದರೆ ಮೋಡದೊಳಗೆ ಹತ್ತುವಾಗ ಇಳಿಕೆ ಅದಕ್ಕಿಂತ ಕಡಿಮೆ ಎಂದೂ ಸೇರಿಸಿ. ‘ವಾಯುಗುಣ ಕೆಟ್ಟರೆ ಕೂಡಲೇ ಇಳಿಯಿರಿ’ ಎಂದು ಬರೆದುಬಿಟ್ಟೀರಿ, ಜೋಕೆ! ಕೆಡುವುದು ಹವಾಮಾನ.

‘ಜುಲೈಯಲ್ಲಿ ಶಿಖರದ ಮೇಲೆ ಮಂಜು’ ಎಂದರೆ ಮಕ್ಕಳು ಹಿಮ ಎಂದುಕೊಂಡಾರು. ‘ಮೋಡ ಕವಿದು ದಾರಿ ಕಾಣುವುದಿಲ್ಲ, ಪಾಚಿಗಟ್ಟಿದ ಬಂಡೆ ಜಾರುತ್ತದೆ’ ಎಂದು ಬಿಡಿಸಿಯೇ ಹೇಳಿ.