ಅಪ್‌ಡೇಟ್: ‘ಲ್ಯೂಕ್‌ವಾರ್ಮ್’ನಲ್ಲಿರುವ ಲ್ಯೂಕ್ ಯಾರು?

ಉಗುರುಬೆಚ್ಚಗಿನ ನೀರಿಗೆ ಇಂಗ್ಲಿಷಿನಲ್ಲಿ ‘ಲ್ಯೂಕ್‌ವಾರ್ಮ್’ ಅಂತಾರಲ್ಲ, ಆ ಲ್ಯೂಕ್ ಬೈಬಲ್ಲಿನ ಸಂತ ಲೂಕನೇ ಅಂತ ಮೊನ್ನೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಆಮೇಲೆ ನಾನೂ ನಿಘಂಟು ಹಿಡಿದು ಕೂತೆ.

ಅದು ಯಾರ ಹೆಸರೂ ಅಲ್ಲ. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಲ್ಯೂಕ್’ ಅಂದರೇನೇ ಉಗುರುಬೆಚ್ಚಗೆ. 14ನೇ ಶತಮಾನದ ಕೊನೆಯ ಹೊತ್ತಿಗೆ ಅದಕ್ಕೆ ‘ವಾರ್ಮ್’ ಸೇರಿಕೊಂಡಿತು. ನಮ್ಮ ‘ನಡುಮಧ್ಯೆ’ಯ ಹಾಗೆ. ಜರ್ಮನ್ನರ ‘ಲಾವಾರ್ಮ್’ ಕೂಡ ಹೀಗೇ.

ಆದರೆ ನನಗೆ ನಿಜಕ್ಕೂ ಖುಷಿ ಕೊಟ್ಟಿದ್ದು ಅದೇ ಅರ್ಥದ ಇನ್ನೊಂದು ಪದ, ‘ಟೆಪಿಡ್’. ಲ್ಯಾಟಿನ್ನಿನ ‘ಟೆಪಿಡಸ್’ನಿಂದ ಬಂದ ಅದರ ಬೇರೂ ಸಂಸ್ಕೃತದ ‘ತಪ್’ ಧಾತುವಿನ ಬೇರೂ ಒಂದೇ. ಅಂದರೆ ನಮ್ಮ ತಾಪ, ತಪಸ್ಸು, ದಿನಾ ಸುದ್ದಿಯಲ್ಲಿ ಕೇಳುವ ತಾಪಮಾನ, ಎಲ್ಲವೂ ಅದರ ದಾಯಾದಿಗಳು!