ಹಳೆ ಇಳಕಲ್ಲ ಸೀರಿ ಕೌದಿ: ನಡುವ ಉಬ್ಬತೈತಿ, ಬಣ್ಣ ಹತ್ತತೈತಿ, ಏನ ಮಾಡಬೇಕ್ರಿ?

ಕೇಳಿದವರು: ಸೂಜಿಕಣ್ಣು, ಬಾಗಲಕೋಟೆ

ಮನ್ಯಾಗ ನಾಕು ಹಳೆ ಇಳಕಲ್ಲ ಸೀರಿ ಅದಾವ್ರಿ. ಎರಡು ಒಂಬತ್ತು ಗಜದ್ದು, ಎರಡು ಆರು ಗಜದ್ದು. ಜೊತಿಗೆ ಎರಡು ಧೋತರ, ಒಂದಿಷ್ಟು ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟಿ) ಚೂರು. ಇಷ್ಟರಾಗ ಇಬ್ಬರು ಹೊಚಗೊಳ್ಳೂವಂಥ ಒಂದು ಕೌದಿ, ತೊಟ್ಟಿಲ ಕೂಸಿಗೆ ಒಂದು ಸಣ್ಣ ಕೌದಿ ಆಗಬೇಕು. ಹಿಂದಿನ ಕೌದಿ ಮೊದಲನೇ ಒಗತಕ್ಕ ಕೆಟ್ಟಿತು. ನಟ್ಟನಡುವ ಉಬ್ಬಿ ನಿಂತೈತಿ, ಕೆಂಪು ದಡಿ ಬಣ್ಣ ಬಿಟ್ಟು ಬಿಳಿ ಧೋತರ ಗುಲಾಬಿ ಆಗೈತಿ, ಅಲ್ಲಲ್ಲಿ ಹೊಲಿಗಿ ಗುಂಟ ಬಟ್ಟಿ ಸೀಳೈತಿ. ಟೆರಿಕಾಟ್ ದಾರ ಎರಡೆಳಿ ಹಾಕಿ, ನಾಲ್ಕೂ ಅಂಚಿನಿಂದ ಒಳಗ ಹೊಲಕೋತ ಬಂದದ್ದು. ತಪ್ಪು ಎಲ್ಲೈತಿ? ಮಶಿನ್ ಮ್ಯಾಲ ಹೊಲದ್ರ ನಡೀತೈತೇನು? ಪದರ ಎಷ್ಟು, ದಾರ ಎಷ್ಟು, ಅಳತಿ ಸಮೇತ ಹೇಳ್ರಿ.

ಉತ್ತರ 1: ಕಚ್ಚಾಟಾಕಿ, ವಿಜಯಪುರ

ಬಣ್ಣ ಹತ್ತಿದ್ದು, ಬಟ್ಟಿ ಸೀಳಿದ್ದು ಹೊಲಿಯೂಕಿಂತ ಮೊದಲಿನ ತಪ್ಪು. ಉಬ್ಬಿದ್ದು ಹೊಲಿಯೂಮುಂದಿನ ತಪ್ಪು.

ಮೊದಲ ಖಣ ಬಿಟ್ಟು ಎಲ್ಲಾ ಬಟ್ಟಿ ಬೇರೆ ಬೇರೆ ಬಿಸಿನೀರಾಗ ನೆನಸಿ ಒಗೀರಿ. ಗಂಜಿ ಉಳಿದ್ರ ಸೂಜಿ ಬಿಗೀತದ, ಟ್ರಂಕಿನಾಗ ಹುಳಾನೂ ಹತ್ತತಾವ. ಹಸಿ ಇದ್ದಾಗನ ದಡಿ ಮ್ಯಾಲ ಬಿಳಿ ಅರಿವಿ ಒತ್ತಿ ಉಜ್ಜಿ ನೋಡ್ರಿ. ಬಣ್ಣ ಬಂತು ಅಂದ್ರ ಮತ್ತ ಒಗೀರಿ, ನೀರು ತಿಳಿ ಆಗೂತನಕ. ಉಪ್ಪಿನ ನೀರಾಗ ಅದ್ದಿದ್ರ ಬಣ್ಣ ನಿಲ್ಲತದ ಅಂತ ಭಾಳ ಮಂದಿ ಹೇಳತಾರ, ಒಮ್ಮೆ ಬಿಡಾಕ ಹತ್ತಿದ ಬಣ್ಣ ಉಪ್ಪಿಗೆ ನಿಲ್ಲೂದಿಲ್ಲ. ಮೂರು ನಾಕು ಸಲಕ್ಕೂ ತಿಳಿ ಆಗಲಿಲ್ಲ ಅಂದ್ರ ಆ ದಡಿಯನ್ನ ಬಿಳಿ ಬಟ್ಟಿಯ ಹತ್ತರ ತರಬ್ಯಾಡ್ರಿ.

ಆಮ್ಯಾಲ ಬಟ್ಟಿ ಬೆಳಕಿಗೆ ಹಿಡೀರಿ, ಎರಡೂ ಹೆಬ್ಬಟ್ಟಿನಿಂದ ಜಗ್ಗಿ ನೋಡ್ರಿ. ನಿರಿಗಿ ಬೀಳೂ ಜಾಗ, ಕೂಡೂ ಜಾಗ ಸವೆದಿರತದ. ಜಾಳಾದದ್ದು ನಡುವಿನ ಪದರಕ್ಕ ಹೋಗಲಿ, ಗಟ್ಟಿ ಇದ್ದದ್ದು ಕೆಳಗ. ಸಿಂಥೆಟಿಕ್ ಸೀರಿ ಒಂದೂ ಬ್ಯಾಡ. ಹತ್ತಿ ಕುಗ್ಗತದ, ಅದು ಕುಗ್ಗೂದಿಲ್ಲ. ಮ್ಯಾಲ ಬೆವರೂ ಹೀರೂದಿಲ್ಲ.

ಅಳತಿ ಹೇಳತೀನಿ. ಸಿದ್ಧ ಕೌದಿ 60 ಇಂಚು ಅಗಲ, 90 ಉದ್ದ. ಸೀರಿ ಪನ್ನಾ (ಬಟ್ಟಿ ಅಗಲ) 47 ಇಂಚು ಅಂತ ಹಿಡಿದೀನಿ, ನಿಮ್ಮದನ್ನ ಅಳೆದು ನೋಡ್ರಿ. 64 ಇಂಚಿನ ಎರಡು ತುಂಡು ಕತ್ತರಿಸಿ, ಪನ್ನಾ ಕಡೆಯಿಂದ ಜೋಡಿಸಿದ್ರ 64ಕ್ಕ 93ರ ಒಂದು ಪದರ ಆಗತದ. ಆರು ಗಜದ ಸೀರಿ ಅಂದ್ರ 216 ಇಂಚು. ಅದರಾಗ ಒಂದು ಪದರ ಹೋಗಿ, ಸೆರಗು ಸೇರಿ 88 ಇಂಚು ಉಳೀತದ. ಒಂಬತ್ತು ಗಜದ್ದು 324 ಇಂಚು, ಎರಡು ಪದರ ಆಗತಾವ. ಹಂಗಾಗಿ ಕೆಳಗ ಒಂದು ಆರು ಗಜದ್ದು, ನಡುವ ಒಂದು ಒಂಬತ್ತು ಗಜದ್ದರ ಎರಡು ಪದರ, ಮ್ಯಾಲ ಇನ್ನೊಂದು ಆರು ಗಜದ್ದನ್ನ ಕತ್ತರಿಸಿ ಜೋಡಿಸಿದ ತ್ಯಾಪಿ (ತೇಪೆ ತುಂಡು). ನಾಲ್ಕು ಪದರ ಸಾಕು. ಐದರ ಮ್ಯಾಲ ಹೋದ್ರ ಕೈಹೊಲಿಗಿ ಸಣ್ಣ ಬರೂದಿಲ್ಲ. ಇನ್ನೊಂದು ಒಂಬತ್ತು ಗಜದ್ದನ್ನ ಕತ್ತರಿಸಬ್ಯಾಡ್ರಿ, ಇಟಗೋರಿ.

5 ಇಂಚಿನ ಚೌಕ ತ್ಯಾಪಿ ಆದ್ರ ಅಡ್ಡ 12, ಉದ್ದ 18, ಒಟ್ಟು 216 ಬೇಕು. ಸುತ್ತ ಕಾಲಿಂಚು ಮಡಿಕಿ ಬೇಕಾಗೂದ್ರಿಂದ 5½ ಇಂಚು ಕತ್ತರಿಸ್ರಿ, ಎಳಿ ಗುಂಟ. ಓರೆ ಕತ್ತರಿಸಿದ ತ್ಯಾಪಿ ಜಗ್ಗಿ ಅಲೆ ಬೀಳತದ. ಇಳಕಲ್ಲ ಸೀರಿಯಾಗ ಹತ್ತಿಯ ಒಡಲಿಗೆ ರೇಷ್ಮೆ ಸೆರಗು ಕೊಂಡಿ ಹಾಕಿ ಕೂಡಿಸಿರತಾರ, ಆ ಕೂಡಿಕಿ ಮ್ಯಾಲ ಕತ್ತರಿ ಆಡಿಸಬ್ಯಾಡ್ರಿ, ಬಿಚ್ಚತದ. ಅದು ತ್ಯಾಪಿಯ ನಡುವ ಬರೂಹಂಗ ಕತ್ತರಿಸ್ರಿ.

ಈಗ ಉಬ್ಬಿನ ಮಾತು. ನಾಲ್ಕೂ ಅಂಚಿನಿಂದ ಒಳಗ ಹೊಲಕೋತ ಬಂದ್ರ ಪ್ರತಿ ಸುತ್ತಿನಾಗೂ ಒಂದೆರಡು ನೂಲಿನಷ್ಟು ಸಡಿಲು ಬಟ್ಟಿ ಒಳಗ ದಬ್ಬಿಕೊಂಡು ಹೋಗತದ. ಕೊನಿಗೆ ಅದಕ್ಕ ಹೋಗಾಕ ಜಾಗ ಇರೂದಿಲ್ಲ, ನಡುವ ಗುಡ್ಡಾಗತದ. ಅಂಚಿನಿಂದ ಒಳಗ ಹೊಲಿಯೂ ಪದ್ಧತಿಯೇನೋ ಹಳೇದು, ಖಾನಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಕವಂದ (ಅವರ ಕೌದಿ) ಹೊಲಿಯೂದೂ ಹಂಗ. ಆದ್ರ ಅವರು ಕೈಯಿಂದ ತೀಡಿ ತೀಡಿ ಹೊಲೀತಾರ. ಕೈ ಅಷ್ಟು ಪಳಗೂತನಕ ಮೊದಲು ಕಚ್ಚಾ ಟಾಕಿ, ಅಂದ್ರ ಆಮ್ಯಾಲ ಬಿಚ್ಚೂ ಸಡಿಲ ಹೊಲಿಗಿ, ಹಾಕ್ರಿ. ನೆಲ ಒರಸಿ ಕೆಳಗಿನ ಪದರ ಬಿಗಿಯಾಗಿ ಹಾಸಿ, ನಾಲ್ಕು ಮೂಲಿಗೆ ಭಾರ ಇಡ್ರಿ. ಒಂದೊಂದ ಪದರ ಹಾಸಿ ನಡುವಿನಿಂದ ಹೊರಗ ಅಂಗೈಯಿಂದ ತೀಡ್ರಿ. ನಡುವಿನಿಂದಲೇ ಶುರು ಮಾಡಿ, ಆರಾರು ಇಂಚಿಗೆ ಉದ್ದಕ್ಕ ಅಡ್ಡಕ್ಕ ಉದ್ದ ಟಾಕಿ. ಇದಕ್ಕ ಅರ್ಧ ದಿನ ಹೋಗತದ. ಹೋಗಲಿ, ಇದನ್ನ ಬಿಟ್ಟ ಕೌದಿ ಚೊಲೋ ಆಗೂದಿಲ್ಲ.

ದಾರ ದಪ್ಪ ಹತ್ತೀದೇ ಬೇಕು, ಒಂದೆಳಿ. ಟೆರಿಕಾಟ್ ದಾರ ಹಳೆ ಹತ್ತಿಗಿಂತ ಗಟ್ಟಿ. ಜಗ್ಗಿದಾಗ ದಾರ ಹರಿಯೂ ಬದಲಿ ಬಟ್ಟಿ ಸೀಳತದ, ನಿಮ್ಮದು ಸೀಳಿದ್ದು ಇದಕ್ಕ. ಸಾಲಿನ ನಡುವ ಅರ್ಧ ಇಂಚು ಬಿಟ್ರ ಒಟ್ಟು ಹೊಲಿಗಿ 275 ಮೀಟರ್ ಬರತದ, ಗಂಟು, ತುದಿ ಸೇರಿ 350 ಮೀಟರ್ ದಾರ ತರ್ರಿ. ಒಮ್ಮೆಗೆ ಒಂದೂವರಿ ಮೊಳಕ್ಕಿಂತ ಉದ್ದ ಪೋಣಿಸಬ್ಯಾಡ್ರಿ, ಸಿಕ್ಕಾಗತದ. ದಬ್ಬಣ ಬ್ಯಾಡ, ಎರಡು ಇಂಚಿನ ಸಾದಾ ಸೂಜಿ, ಬೆರಳಿಗೆ ಅಂಗುಸ್ತಾನ.

ಉತ್ತರ 2: ದಡಿಸೆರಗು, ಬೆಳಗಾವಿ

ಮಶಿನ್ ಮ್ಯಾಲ ನಡೀತೈತಿ, ಆದ್ರ ಮೂರು ಪದರಕ್ಕ. ಕೆಳಗಿನ ಹಲ್ಲು ಕೆಳಗಿನ ಬಟ್ಟಿಯನ್ನಷ್ಟ ಎಳೀತಾವ, ಮ್ಯಾಲಿನ ಪದರ ಹಿಂದ ಉಳದು ನಿರಿಗಿ ಬೀಳತೈತಿ. ಅದಕ್ಕ ಪಾದದ ಒತ್ತಡ ಸಡಿಲ ಮಾಡ್ರಿ, 16 ನಂಬರ್ ಸೂಜಿ ಹಾಕ್ರಿ, ಟಾಕಿ ಎಲ್ಲಾಕ್ಕಿಂತ ಉದ್ದಂದು ಇಟಗೋರಿ, ಎಲ್ಲಾ ಸಾಲೂ ಒಂದೇ ದಿಕ್ಕಿಗೆ ಹೊಲೀರಿ. ಒಂದು ಸಾಲು ಹೋಗೂದು, ಒಂದು ಸಾಲು ಬರೂದು ಮಾಡಿದ್ರ ಕೌದಿ ಓರೆ ಆಗತೈತಿ. ಸಾಲಿನ ನಡುವ ಒಂದೂವರಿ ಇಂಚು ಸಾಕು. ದೊಡ್ಡ ಕೌದಿ ಸುರುಳಿ ಮಾಡಿದ್ರೂ ಮನಿ ಮಶಿನ್ನಿನ ತೋಳಿನ ಕೆಳಗ ಹಿಡಿಸೂದಿಲ್ಲ. 20 ಇಂಚಿನ ಮೂರು ಪಟ್ಟಿ ಬೇರೆ ಬೇರೆ ಹೊಲದು ಆಮ್ಯಾಲ ಕೂಡಿಸ್ರಿ, ಕೂಡಿಕಿ ಮ್ಯಾಲ ದಡಿ ಹಚ್ಚಿದ್ರ ಮುಚ್ಚತೈತಿ.

ಹಂಗಂತ ನಾಲ್ಕು ಪದರದ ಹಳೆ ಸೀರಿಗೆ ಕೈಹೊಲಿಗೀನ ಬೇಕು ಅಂತೀನಿ. ಮಶಿನ್ ಹೊಲಿಗಿ ಬಿಗಿ, ಮೆತ್ತಗ ಬರೂದಿಲ್ಲ. ಒತ್ತೊತ್ತಾಗಿ ತೂತ ಬಿದ್ದು ಜಾಳು ಬಟ್ಟಿ ಆ ಗುಂಟನ ಹರೀತೈತಿ.

ಒಗಿಯೂದು: ಟಬ್ಬಿನ್ಯಾಗ ನೆನಸಿ ಕಾಲಿಂದ ತುಳೀರಿ, ಬಡಿಗಿಲೆ ಬಡೀಬ್ಯಾಡ್ರಿ, ಹಿಂಡಬ್ಯಾಡ್ರಿ. ಒಂದೇ ಹಗ್ಗಕ್ಕ ಹಾಕಿದ್ರ ನೀರಿನ ಭಾರಕ್ಕ ನಡುವ ಜೋತು ಬೀಳತೈತಿ, ಎರಡು ಹಗ್ಗ ಒಂದೂವರಿ ಅಡಿ ಅಂತರದಾಗ ಕಟ್ಟಿ ಹರವ್ರಿ. ನಮ್ಮ ಕಡೆ ಮಳಿಗಾಲದಾಗ ಒಗಿಯೂದನ್ನ ಬಿಡೂದು ಚೊಲೋ. ಒಳಗಿನ ಪದರ ಒಣಗೂದಿಲ್ಲ, ಕರಿ ಚುಕ್ಕಿ ಬೀಳತಾವ.

ಉತ್ತರ 3: ಕುಂಚಿಗಿ, ಗುಳೇದಗುಡ್ಡ

ಖಣದ ಚೂರು ಕೂಸಿನ ಕೌದಿಗೆ ಹಾಕಬ್ಯಾಡ್ರೀ ಅಕ್ಕಾರ. ಖಣದ ಹಾಸು (ಉದ್ದದ ಎಳಿ) ರೇಷ್ಮಿ, ಹೊಕ್ಕು (ಅಡ್ಡ ಎಳಿ) ಹತ್ತಿ. ಬಿಸಿನೀರು, ಸೋಪಿನ ಪುಡಿ ಎರಡೂ ಅದಕ್ಕ ಆಗೂದಿಲ್ಲ, ಕೂಸಿನ ಬಟ್ಟಿಗೆ ಎರಡೂ ಬೇಕಾಗತಾವ. ದೊಡ್ಡ ಕೌದಿಯ ನಾಲ್ಕು ಮೂಲಿಗೆ, ಇಲ್ಲಾ ನಟ್ಟನಡುವ ಹಚ್ಚ್ರಿ. ಕತ್ತರಿಸಿದ ತಕ್ಷಣ ಎಳಿ ಬಿಚ್ಚತಾವ, ಅರ್ಧ ಇಂಚು ಮಡಿಕಿ ಇಡ್ರಿ, ಹಿಂದ ತೆಳ್ಳನ್ನ ಹತ್ತಿ ತುಂಡು ಕೊಡ್ರಿ.

ಕೂಸಿನದು 30ಕ್ಕ 36 ಇಂಚು, ಮೂರು ಪದರ, ಎಲ್ಲಾ ಧೋತರದ್ದ. ಟಾಕಿ ಕಾಲಿಂಚಿಗಿಂತ ಉದ್ದ ಇರಬಾರದು, ಉದ್ದಾದ್ರ ಬೆರಳು ಸಿಕ್ಕತೈತಿ. ಗಂಟು ಪದರದ ಒಳಗ ಎಳದು ಮುಚ್ಚ್ರಿ. ಗುಂಡಿ, ಕನ್ನಡಿ, ಮಣಿ ಏನೂ ಬ್ಯಾಡ. ಅಂಚಿಗೆ ಕ್ರೋಶಾ ಲೇಸ್ ಹಾಕೂದಾದ್ರ ದಾರದ ಲಡಿ ಮೊದಲ ನೀರಾಗ ಅದ್ದಿ ಒಣಗಿಸ್ರಿ. ಇಲ್ಲಾಂದ್ರ ಲೇಸ್ ಕುಗ್ಗಿ ಅಂಚು ದೋಣಿಯಂಗ ಮ್ಯಾಲ ಏಳತೈತಿ.

ಸೂಜಿಕಣ್ಣು, ಬಾಗಲಕೋಟೆ

ಎಲ್ಲಾರಿಗೂ ಶರಣ್ರಿ. ಉಬ್ಬಿದ ಹಳೆ ಕೌದಿ ಪೂರಾ ಬಿಚ್ಚಬೇಕೇನು?

ಕಚ್ಚಾಟಾಕಿ, ವಿಜಯಪುರ

ಪೂರಾ ಬ್ಯಾಡ್ರಿ. ನಡುವಿನಿಂದ ಹೊರಗ ಒಂದೊಂದ ಸುತ್ತು ಹೊಲಿಗಿ ಬಿಚ್ಚಕೋತ ಹೋಗ್ರಿ, ನೆಲದ ಮ್ಯಾಲ ಹಾಸಿದಾಗ ಬಟ್ಟಿ ಚಪ್ಪಟಿ ಕೂತಿತು ಅಂದ್ರ ಅಲ್ಲಿಗೆ ನಿಲ್ಲಿಸ್ರಿ. ಉಳಿದ ಹೆಚ್ಚಿನ ಬಟ್ಟಿಯನ್ನ ಮ್ಯಾಲಿನ ಪದರದಾಗ ಒಂದು ಸೀಳು ಕೊಟ್ಟು, ಒಂದರ ಮ್ಯಾಲ ಒಂದು ಸರಿಸಿ, ಅದರ ಮ್ಯಾಲ ದೊಡ್ಡ ತ್ಯಾಪಿ ಹಚ್ಚ್ರಿ. ಟಾಕಿ ಹಾಕಿ, ಹತ್ತಿ ದಾರದಲೆ ನಡುವಿನಿಂದ ಹೊರಗ ಹೊಲೀರಿ. ನಿಮ್ಮ ಖಣದ ಚೂರು ಆ ತ್ಯಾಪಿಗೇ ಆಗತದ. ಅದು ಹಾಕಿದಿಂದ ಆ ಕೌದಿ ತಣ್ಣೀರಾಗ ಒಗೀಬೇಕು.