ಒಂದೇ ಕಥೆಯಲ್ಲಿ 7 ‘ಕೇಸ್’: ಕನ್ನಡದಲ್ಲಿ ಯಾವುದಕ್ಕೆ ಏನನ್ನಬೇಕು?

ಹೊಸ ಅನುವಾದಕಿ

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಸಣ್ಣಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇದು ನನ್ನ ಮೊದಲ ಅನುವಾದ. 14 ಪುಟದ ಕಥೆಯಲ್ಲಿ ‘ಕೇಸ್’ ಅನ್ನೋ ಪದ 7 ಸಲ ಬರುತ್ತದೆ, ಒಂದೊಂದು ಸಲವೂ ಬೇರೆ ಅರ್ಥ.

ಕಥೆಯ ನಾಯಕಿ ವಕೀಲೆ, ಅವಳ ಕೈಯಲ್ಲಿ ಒಂದು ದೊಡ್ಡ ಕೇಸ್ ಇದೆ. ಅವಳ ಅಪ್ಪ ಲ್ಯಾಟಿನ್ ಮೇಷ್ಟ್ರು, ಮಕ್ಕಳಿಗೆ ನಾಮಪದದ ‘ಕೇಸ್’ಗಳನ್ನು ಬಾಯಿಪಾಠ ಮಾಡಿಸಿದವರು. ಈಗ ಆಸ್ಪತ್ರೆಯಲ್ಲಿದ್ದಾರೆ. ಡಾಕ್ಟರು ಅವರನ್ನು ‘7ನೇ ಹಾಸಿಗೆಯ ಕೇಸ್’ ಅನ್ನುತ್ತಾರೆ. ಅವರ ಪಿಟೀಲು ಮನೆಯಲ್ಲಿ ಅದರ ಕೇಸಿನೊಳಗೇ ಇದೆ. ಅದನ್ನು ಮಾರಬಾರದು ಅಂತ ಅವಳು ಅಣ್ಣನ ಮುಂದೆ ಒಂದು ‘ಕೇಸ್’ ಕಟ್ಟುತ್ತಾಳೆ. ಅವನು ‘ಇನ್ ದಟ್ ಕೇಸ್’ ಅಂತ ಮಾತು ಶುರು ಮಾಡುತ್ತಾನೆ. ಕೊನೆಗೆ ಅವಳು ಹೊರಗೆ ಹೊರಡುವಾಗ ‘ಇನ್ ಕೇಸ್’ ಅಂತ ಕೊಡೆ ತೆಗೆದುಕೊಳ್ಳುತ್ತಾಳೆ.

ಮೊದಲ ಕರಡಿನಲ್ಲಿ ಆದಷ್ಟು ಕಡೆ ‘ಪ್ರಕರಣ’ ಅಂತ ಹಾಕಿದ್ದೆ. ಜೋರಾಗಿ ಓದಿ ನೋಡಿದರೆ ಪೊಲೀಸ್ ವರದಿ ಓದಿದ ಹಾಗಿತ್ತು, ತುಂಬ ಬೇಜಾರಾಯಿತು. ಪೆಟ್ಟಿಗೆಗೂ ಕೋರ್ಟಿಗೂ ಒಂದೇ ಪದ ಹೇಗೆ ಬಂತು? ಮುಖ್ಯವಾಗಿ ಆ ಆಸ್ಪತ್ರೆಯ ಮಾತನ್ನು ಏನು ಮಾಡಲಿ? ‘ರೋಗಿ’ ಅಂತ ಬರೆದರೆ ಸಾಕಾ?

ಸಂಜೆಯ ಓದು

ಕೋರ್ಟಿನದ್ದಕ್ಕೆ ಜೊತೆಗಿರುವ ಕ್ರಿಯಾಪದ ನೋಡಿ. ದಾವೆ ಹೂಡುತ್ತಾರೆ, ಪ್ರಕರಣ ದಾಖಲಾಗುತ್ತದೆ, ಮೊಕದ್ದಮೆ ನಡೆಯುತ್ತದೆ. ಆಸ್ತಿಪಾಸ್ತಿಯ ಸಿವಿಲ್ ತಕರಾರಾದರೆ ‘ದಾವೆ’ ಸರಿ, ಅಪರಾಧವಾದರೆ ‘ಪ್ರಕರಣ’. ವಯಸ್ಸಾದವರ ಬಾಯಲ್ಲಾದರೆ ‘ಖಟ್ಲೆ’ ಚೆನ್ನಾಗಿ ಕೂರುತ್ತದೆ. ಮಾತುಕತೆಯಲ್ಲಿ ಮಾತ್ರ ‘ಕೇಸ್’ ಅಂತಲೇ ಬಿಡಿ. ‘ಈ ಕೇಸ್ ಗೆಲ್ಲಲೇಬೇಕು’ ಅನ್ನೋದು ಈಗ ಪಕ್ಕಾ ಕನ್ನಡ ವಾಕ್ಯ.

ಮೊಳೆ ಜೋಡಿಸಿದವ

ತಂಗೀ, ಪೆಟ್ಟಿಗೆಗೂ ಕೋರ್ಟಿಗೂ ಒಂದೇ ಪದ ಹೇಗೆ ಅನ್ನೋ ನಿಮ್ಮ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರದ್ದು. ಅದು ಒಂದು ಪದ ಅಲ್ಲ, ಎರಡು. ಬೇರೆ ಬೇರೆ ದಾರಿಯಲ್ಲಿ ಬಂದು ಇಂಗ್ಲಿಷಿನಲ್ಲಿ ಒಂದೇ ರೂಪಕ್ಕೆ ಇಳಿದಿವೆ.

ಒಂದು ಲ್ಯಾಟಿನ್ನಿನ ‘ಕಾಪ್ಸಾ’, ಅಂದರೆ ಪೆಟ್ಟಿಗೆ. ಕ್ಯಾಪ್ಸೂಲ್ ಅಂದರೆ ಪುಟ್ಟ ಪೆಟ್ಟಿಗೆ. ಕ್ಯಾಸೆಟ್ ಕೂಡ ಇದೇ ಮನೆಯದು. ‘ಕ್ಯಾಶ್’ ಮೊದಲು ಹಣದ ಪೆಟ್ಟಿಗೆಯ ಹೆಸರಾಗಿತ್ತು, ಆಮೇಲೆ ಒಳಗಿನ ಹಣಕ್ಕೇ ಆ ಹೆಸರು ಬಂತು. ನಾನು ಅಚ್ಚಿನ ಮನೆಯಲ್ಲಿ ವರ್ಷಗಟ್ಟಲೆ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸಿದವನು. ಇಂಗ್ಲಿಷ್ ಮೊಳೆಗಳಿಗೆ ಎರಡು ಕೇಸ್ ಇರುತ್ತಿದ್ದವು, ಖಾನೆ ಖಾನೆ ಮಾಡಿದ ಮರದ ತಟ್ಟೆಗಳು. ದೊಡ್ಡಕ್ಷರ ಮೇಲಿನದರಲ್ಲಿ. ಚಿಕ್ಕಕ್ಷರದ ಬಳಕೆ ಜಾಸ್ತಿ, ಅದಕ್ಕೆ ಅದು ಕೆಳಗೆ, ಕೈಗೆ ಹತ್ತಿರ. ಅದರಲ್ಲೂ ‘ಇ’ ಅಕ್ಷರದ ಖಾನೆ ಎಲ್ಲಕ್ಕಿಂತ ದೊಡ್ಡದು. ಇವತ್ತು ಪಾಸ್‌ವರ್ಡ್ ಹಾಕುವಾಗ ಕಂಪ್ಯೂಟರ್ ‘ಅಪ್ಪರ್ ಕೇಸ್’ ಕೇಳುತ್ತದಲ್ಲ, ಅದು ಆ ಮೇಲಿನ ತಟ್ಟೆಯೇ. ಓದಿದಾಗಲೆಲ್ಲ ಬೆರಳಿಗೆ ಸೀಸದ ತಣ್ಣನೆ ನೆನಪಾಗುತ್ತದೆ.

ಇನ್ನೊಂದು ‘ಕಾಸುಸ್’, ಅಂದರೆ ಬೀಳುವುದು. ಒಬ್ಬರ ಪಾಲಿಗೆ ಬಂದು ಬಿದ್ದದ್ದು, ನಡೆದದ್ದು, ಸಂಗತಿ. ‘ಆಕ್ಸಿಡೆಂಟ್’ ಅನ್ನೋದರೊಳಗೂ ಇದೇ ಬೀಳುವಿಕೆ ಇದೆ. ಕನ್ನಡವೂ ಹೀಗೇ ಯೋಚಿಸುತ್ತದೆ, ಗಮನಿಸಿದ್ದೀರಾ? ಕನಸು ಬೀಳುತ್ತದೆ. ಖರ್ಚು ಬೀಳುತ್ತದೆ. ‘ಅವನ ಮೇಲೆ ಕೇಸ್ ಬಿತ್ತು’ ಅಂತಲೂ ಅನ್ನುತ್ತೇವೆ!

ಮೇಷ್ಟ್ರ ವ್ಯಾಕರಣದ್ದು ‘ವಿಭಕ್ತಿ’. ಮರ, ಮರವನ್ನು, ಮರದಿಂದ, ಮರಕ್ಕೆ. ಗ್ರೀಕರು ಇದನ್ನು ‘ಪ್ಟೋಸಿಸ್’ ಅಂದರು, ಅದಕ್ಕೂ ಬೀಳುವುದು ಅಂತಲೇ ಅರ್ಥ. ರೋಮನ್ನರು ಅದನ್ನೇ ಲ್ಯಾಟಿನ್ನಿಗೆ ತಂದು ಕಾಸುಸ್ ಮಾಡಿಕೊಂಡರು. ಪದ ನೆಟ್ಟಗೆ ನಿಂತರೆ ಕರ್ತೃ, ಉಳಿದ ರೂಪಗಳು ಅದರಿಂದ ವಾಲಿದವು. ನಮ್ಮ ‘ವಿಭಕ್ತಿ’ಯಲ್ಲಿ ಈ ಚಿತ್ರ ಇಲ್ಲ, ಅಲ್ಲಿರೋದು ವಿಭಾಗಿಸುವುದು. ಕಥೆಯಲ್ಲಿ ಆ ಬೀಳುವಿಕೆಯ ಮೇಲೆ ಮಾತು ಕಟ್ಟಿದ್ದರೆ ಹುಷಾರಾಗಿರಿ, ಕನ್ನಡದಲ್ಲಿ ಅದು ಸುಮ್ನೆ ಮಾಯವಾಗುತ್ತದೆ.

ಪಿಟೀಲಿಗೆ ‘ಪೆಟ್ಟಿಗೆ’. ಎಲ್ಲ ‘ಕೇಸ್’ಗೂ ಪೆಟ್ಟಿಗೆ ಆಗೋದಿಲ್ಲ. ದಿಂಬಿಗೆ ಗವಸು, ಕತ್ತಿಗೆ ಒರೆ, ಪುಸ್ತಕಕ್ಕೆ ಕಪಾಟು.

ರಾತ್ರಿ ಪಾಳಿ

ನಾನು ನರ್ಸ್. ಮೇಲಿನವರ ‘ಪ್ಟೋಸಿಸ್’ ಓದಿ ಆಶ್ಚರ್ಯವಾಯಿತು ಸರ್. ಕಣ್ಣಿನ ರೆಪ್ಪೆ ಜೋತುಬಿದ್ದರೆ ನಾವು ಫೈಲಿನಲ್ಲಿ ಬರೆಯೋದು ಅದೇ ಪದ. ಇಷ್ಟು ವರ್ಷ ಅದರ ಅರ್ಥ ಕೇಳಿರಲಿಲ್ಲ.

ಅಕ್ಕಾ, ಆಸ್ಪತ್ರೆಯ ವಾಕ್ಯದಲ್ಲಿ ದಯವಿಟ್ಟು ‘ರೋಗಿ’ ಹಾಕಬೇಡಿ. ರೋಗಿ ಅಂದರೆ ಮನುಷ್ಯ. ಕೇಸ್ ಅಂದರೆ ಕಾಯಿಲೆ, ಫೈಲು, ಹಾಸಿಗೆ ನಂಬರ್. ಸಾಂಕ್ರಾಮಿಕ ಬಂದಾಗ ‘ಇವತ್ತು 100 ಕೇಸ್’ ಅಂತೀವಿ. ಅದರಲ್ಲಿ ಯಾವ ಲಕ್ಷಣವೂ ಇಲ್ಲದೆ ಓಡಾಡಿಕೊಂಡಿದ್ದವರೂ ಸೇರಿರುತ್ತಾರೆ. ಅಲ್ಲಿ ‘ಪ್ರಕರಣ’ ಸರಿ, ಲೆಕ್ಕಕ್ಕೆ ಅದು ಬೇಕು. ನಿಮ್ಮ ಕಥೆಯಲ್ಲಿ ಡಾಕ್ಟರ ಮಾತು ಮಗಳ ಕಿವಿಗೆ ಚುಚ್ಚಬೇಕು ಅಲ್ವಾ? ಹಾಗಾದರೆ ‘ಕೇಸ್’ ಅಂತಲೇ ಇರಲಿ. ನಮ್ಮ ತಂದೆ ಮಲಗಿದ್ದಾಗ ನಾನೂ ಆ ಮಾತು ಕೇಳಿದ್ದೇನೆ. ಅವತ್ತಿನಿಂದ ವಾರ್ಡಿನಲ್ಲಿ ನಾನು ಹೆಸರು ಹಿಡಿದೇ ಕರೆಯುತ್ತೇನೆ.

ಹೊಸ ಅನುವಾದಕಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು 7 ಕಡೆಯೂ ತಿದ್ದಿದೆ. ಕೋರ್ಟಿನದ್ದು ಆಸ್ತಿಯ ತಕರಾರು, ಹಾಗಾಗಿ ನಿರೂಪಣೆಯಲ್ಲಿ ‘ದಾವೆ’, ಅವಳ ಬಾಯಲ್ಲಿ ‘ಕೇಸ್’. ಮೇಷ್ಟ್ರದ್ದು ‘ವಿಭಕ್ತಿ’, ಅಲ್ಲಿ ಬೀಳುವಿಕೆಯ ಮಾತಿಲ್ಲ, ಬಚಾವಾದೆ. ಪಿಟೀಲಿಗೆ ‘ಪೆಟ್ಟಿಗೆ’. ಅಣ್ಣನ ಜೊತೆಗಿನ ವಾದದಲ್ಲಿ ನಾಮಪದವನ್ನೇ ಬಿಟ್ಟು ‘ಯಾಕೆ ಮಾರಬಾರದು ಅಂತ ಒಂದೊಂದಾಗಿ ಹೇಳಿದಳು’ ಅಂತ ಮಾಡಿದೆ. ಅವನ ಮಾತು ‘ಹಾಗಾದರೆ’ ಅಂತ ಶುರುವಾಗುತ್ತದೆ.

7ನೇ ಹಾಸಿಗೆಯವರು ‘ಕೇಸ್’ ಆಗಿಯೇ ಉಳಿದರು. ಮುಂದಿನ ವಾಕ್ಯದಲ್ಲಿ ಮಗಳು ಅವರ ಹೆಸರು ಹೇಳುತ್ತಾಳೆ. ಅದು ಮೂಲದಲ್ಲೇ ಇತ್ತು. ಅದು ಡಾಕ್ಟರಿಗೆ ಕೊಟ್ಟ ಉತ್ತರ ಅಂತ ನನಗೆ ಈಗ ಗೊತ್ತಾಯಿತು.

ಕೊಡೆಯ ವಾಕ್ಯಕ್ಕೆ ಮೊದಲು ‘ಒಂದು ವೇಳೆ ಮಳೆ ಬಂದರೆ ಎಂಬ ಕಾರಣಕ್ಕೆ’ ಅಂತ ಬರೆದಿದ್ದೆ. ಈಗ ಹೀಗಿದೆ: ‘ಯಾವುದಕ್ಕೂ ಇರಲಿ ಅಂತ ಕೊಡೆ ತೆಗೆದುಕೊಂಡಳು.’